ಬಿಲ್ ಬಂದ ದಿನವೇ ಪಾಲು: ಉದ್ದೇಶಕ್ಕೊಂದು ಮುಡಿಪು ಇಡುವ ಬಗೆ

ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ ಆದಾಯ ತಿಂಗಳು ತಿಂಗಳು ಬರುವಂಥದ್ದಲ್ಲ. ಕಾರ್ಖಾನೆಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸಲು ಆರಂಭಿಸಿ ಯುಗಾದಿಯ ಹೊತ್ತಿಗೆ ಹಂಗಾಮು ಮುಗಿಸುತ್ತವೆ. ಆ ಅವಧಿಯಲ್ಲಿ ಒಂದೆರಡು ಕಂತಿನಲ್ಲಿ ಬರುವ ಬಿಲ್ಲಿನ, ಅಂದರೆ ಕಾರ್ಖಾನೆ ಕೊಡುವ ಕಬ್ಬಿನ ಹಣದ, ಮೇಲೆ ಇಡೀ ವರ್ಷದ ಸಂಸಾರ ಸಾಗಬೇಕು. ವಿಜಯಪುರದ ಕಡೆ ಒಣದ್ರಾಕ್ಷಿ, ತೊಗರಿ, ಬಿಳಿಜೋಳ ಮಾರಿ ಬದುಕುವವರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಖರ್ಚುಗಳು ಮಾತ್ರ ಹಂಗಾಮು ನೋಡಿಕೊಂಡು ಬರುವುದಿಲ್ಲ. ಮಕ್ಕಳ ಶಾಲೆ, ಕಾಲೇಜುಗಳ ಫೀ, ಮಿರಗದ (ಮೃಗಶಿರಾ) ಮಳೆಗೆ ಬೇಕಾಗುವ ಬೀಜ ಮತ್ತು ಗೊಬ್ಬರ, ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಅದರ ಬೆನ್ನಿಗೇ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ನಾಗರಪಂಚಮಿ, ಇವೆಲ್ಲ ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲಿ ಒಂದರ ಮೇಲೊಂದು ಬಂದು ಬೀಳುತ್ತವೆ. ಕಬ್ಬಿನ ದುಡ್ಡು ಮುಗಿದು ಹೊಸ ಬಿಲ್ಲಿಗೆ ಇನ್ನೂ ಐದಾರು ತಿಂಗಳು ಕಾಯಬೇಕಾದ ಕಾಲವೂ ಅದೇ ಆಗಿರುತ್ತದೆ. ನಮ್ಮ ಕಡೆ ಬಂಗಾರ ಅಡ ಇಡುವ ಪ್ರಸಂಗ ಬರುವುದು ಹೆಚ್ಚಾಗಿ ಈ ಮೂರು ತಿಂಗಳಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಜನವರಿಯಲ್ಲಿ ಬಂದ ಬಿಲ್ಲನ್ನು ಒಂದೇ ಖಾತೆಯಲ್ಲಿ ಬಿಟ್ಟಿದ್ದೆವು. ಮಾರ್ಚ್‌ನಲ್ಲಿ ಬಾವಿಯ ಮೋಟಾರು ಸುಟ್ಟಿತು, ಏಪ್ರಿಲ್‌ನಲ್ಲಿ ಹತ್ತಿರದ ಬೀಗರ ಮನೆಯ ಮದುವೆಗೆ ಆಯೇರಿ (ಉಡುಗೊರೆ) ಮಾಡಬೇಕಾಯಿತು, ಮೇ ತಿಂಗಳ ಗಾಳಿಗೆ ದನದ ಕೊಟ್ಟಿಗೆಯ ಪತ್ರಾಸು ಹಾರಿಹೋಯಿತು. ಮಗಳನ್ನು ಪಿಯುಸಿಗೆ ಸೇರಿಸಲು ಹೊರಟ ದಿನ ಪಾಸ್‌ಬುಕ್ ನೋಡಿದರೆ ಅದರಲ್ಲಿ ಉಳಿದದ್ದು 1,140 ರೂಪಾಯಿ. ಆ ಸಂಜೆ ನನ್ನ ಹೆಂಡತಿ ಮಾತಾಡದೆ ಕೊರಳಿನ ಬಂಗಾರದ ಬೋರಮಾಳ ತೆಗೆದು ಟೇಬಲ್ಲಿನ ಮೇಲೆ ಇಟ್ಟಳು. ಅದನ್ನು ಬಿಡಿಸಿಕೊಳ್ಳಲು ನಮಗೆ ಎರಡು ಹಂಗಾಮು ಬೇಕಾದವು. ನಾವು ದುಂದು ಮಾಡಿರಲಿಲ್ಲ. ಮಾಡಿದ ಒಂದೊಂದು ಖರ್ಚೂ ತಪ್ಪಿಸಲಾಗದ್ದೇ ಆಗಿತ್ತು. ಆದರೆ ಮೊದಲು ಬಂದ ಖರ್ಚು ಆಮೇಲೆ ಬರಬೇಕಾದ ಖರ್ಚಿನ ಹಣವನ್ನು ತಿಂದುಬಿಟ್ಟಿತ್ತು, ಏಕೆಂದರೆ ಖಾತೆಯಲ್ಲಿದ್ದ ಯಾವ ರೂಪಾಯಿ ಯಾವುದಕ್ಕೆಂದು ನಾವು ಗೊತ್ತುಮಾಡಿರಲಿಲ್ಲ.

ಆಗ ನನಗೆ ನೆನಪಾದದ್ದು ನನ್ನ ಅವ್ವನ ಸಂಚಿ. ಎಲೆಅಡಿಕೆ ಇಟ್ಟುಕೊಳ್ಳಲು ಹೊಲಿದ ಐದು ಪದರಿನ ಸಂಚಿ ಅದು. ಹರಿದ ಕುಪ್ಪಸಗಳಲ್ಲಿ ಗಟ್ಟಿ ಉಳಿದ ಗುಳೇದಗುಡ್ಡದ ಖಣದ ತುಂಡುಗಳನ್ನು ಕೂಡಿಸಿ ಹೊಲಿದಿದ್ದರಿಂದ ಅದರ ಪ್ರತಿ ಪದರಿಗೂ ಬೇರೆ ಬೇರೆ ಬಣ್ಣವಿತ್ತು. ಎಲೆಅಡಿಕೆಗೆ ಇನ್ನೊಂದು ಸಂಚಿ ಬಂದ ಮೇಲೆ ಅವ್ವ ಇದನ್ನು ಟ್ರಂಕಿನೊಳಗೆ ಸೀರೆಗಳ ಕೆಳಗೆ ಇಟ್ಟು, ಬೆಣ್ಣೆ ಮಾರಿದ ದುಡ್ಡನ್ನು ಪದರಿಗೊಂದಿಷ್ಟರಂತೆ ಹಾಕುತ್ತಿದ್ದಳು. ಹಸಿರು ಪದರು ಪಂಚಮಿಗೆ, ಕೆಂಪು ಪದರು ನಮ್ಮ ಪಾಟಿ, ಪುಸ್ತಕಗಳಿಗೆ, ಕಪ್ಪಂಚಿನದು ದವಾಖಾನೆಗೆ. ಎಲ್ಲಕ್ಕಿಂತ ಒಳಗಿನ ಪದರಿನಲ್ಲಿ ಅರಿಶಿನ ಹಚ್ಚಿದ ಬಟ್ಟೆಯ ತುಂಡಿನಲ್ಲಿ ಕಟ್ಟಿದ ಸಣ್ಣ ಗಂಟು ಇರುತ್ತಿತ್ತು. ಅದು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮುಡಿಪು. ಒಮ್ಮೆ ಮನೆಯಲ್ಲಿ ಎಣ್ಣೆ ತರಲೂ ಕಾಸಿಲ್ಲದ ದಿನ ನಾನು ಆ ಗಂಟನ್ನು ತೋರಿಸಿದಾಗ ಅವ್ವ, "ಅದು ನಮ್ದಲ್ಲಪಾ, ಅಕೀದು. ಅದಕ್ಕ ಕೈ ಹಚ್ಚಬಾರ್ದು" ಎಂದಿದ್ದಳು. ಮನೆಯೊಳಗೇ ಇದ್ದ ಹಣ, ಕೈಗೆ ಎಟಕುವಷ್ಟು ಹತ್ತಿರವಿದ್ದರೂ ಯಾರೂ ಮುಟ್ಟದೆ ಉಳಿದದ್ದು ಅದಕ್ಕೆ ಒಬ್ಬ ಒಡತಿ ಇದ್ದುದರಿಂದ. ಮಗಳ ಫೀ, ಮೋಟಾರಿನ ರಿಪೇರಿ, ಪಂಚಮಿಯ ಸೀರೆ, ಇವುಗಳ ಹಣಕ್ಕೂ ಅಂಥದೇ ಒಡೆತನ ಕೊಟ್ಟು ಮುಡಿಪು ಕಟ್ಟಬಹುದೆಂಬುದು ನಮಗೆ ಹೊಳೆದದ್ದು ಬೋರಮಾಳ ಹೋದ ಮೇಲೆ. ಆ ವರ್ಷದಿಂದ ನಾವು ಪಾಲಿಸಿಕೊಂಡು ಬಂದಿರುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ.

ಮೊದಲು ವರ್ಷದ ಖರ್ಚನ್ನು ಪಂಚಾಂಗದ ಮೇಲೆ ಬರೆಯುವುದು

ಗೋಡೆಗೆ ತೂಗುಹಾಕುವ ಹನ್ನೆರಡು ಹಾಳೆಯ ಕ್ಯಾಲೆಂಡರ್ ಈ ಕೆಲಸಕ್ಕೆ ಎಲ್ಲಕ್ಕಿಂತ ಅನುಕೂಲ, ಏಕೆಂದರೆ ಅದರಲ್ಲಿ ಇಂಗ್ಲಿಷ್ ತಾರೀಖಿನ ಜೊತೆಗೆ ಹಬ್ಬ, ಹುಣ್ಣಿಮೆ, ಜಾತ್ರೆಗಳೂ ಇರುತ್ತವೆ. ಮನೆಯ ಎಲ್ಲರೂ ಕುಳಿತು ಕಳೆದ ವರ್ಷ ಯಾವ ತಿಂಗಳಲ್ಲಿ ಯಾವುದಕ್ಕೆ ಎಷ್ಟು ಹೋಯಿತೆಂದು ನೆನಪು ಮಾಡಿಕೊಂಡು ಆಯಾ ತಿಂಗಳ ಹಾಳೆಯ ಮೇಲೆಯೇ ಬರೆಯಬೇಕು. ಗಂಡಸರಿಗೆ ಗೊಬ್ಬರದ ಚೀಲದ ದರ ನೆನಪಿರುತ್ತದೆ, ಆದರೆ ಬನಶಂಕರಿ ಜಾತ್ರೆಗೆ ಹೋದಾಗ ಮಕ್ಕಳಿಗೆ ಆದ ಖರ್ಚು, ಕಾರಹುಣ್ಣಿಮೆಗೆ ಎತ್ತುಗಳಿಗೆ ತಂದ ಮಗಡ, ಗೊಂಡೆ, ಹಗ್ಗಗಳ ಖರ್ಚು, ಬಾಣಂತನಕ್ಕೆ ಬಂದ ಮಗಳಿಗೆ ಮಾಡಿದ ಅಂಟಿನ ಉಂಡಿಯ ಖರ್ಚು ಹೆಂಗಸರಿಗೆ ಮಾತ್ರ ಗೊತ್ತಿರುತ್ತದೆ. ಆದ್ದರಿಂದ ಒಬ್ಬರೇ ಕುಳಿತು ಬರೆದ ಪಟ್ಟಿ ಯಾವಾಗಲೂ ಅರ್ಧವೇ ಆಗಿರುತ್ತದೆಂದು ನಾನು ತಿಳಿದಿದ್ದೇನೆ.

ಹೀಗೆ ಬರೆಯುವಾಗ ಖರ್ಚುಗಳಲ್ಲಿ ಬೇರೆ ಬೇರೆ ಜಾತಿಗಳಿರುವುದು ತಾನಾಗಿ ಕಾಣುತ್ತದೆ. ಕೆಲವಕ್ಕೆ ತಾರೀಖೂ ಗೊತ್ತು, ಮೊತ್ತವೂ ಗೊತ್ತು. ಸೊಸೈಟಿಯ ಬೆಳೆಸಾಲದ ಕಂತು, ಕಾಲೇಜಿನ ಫೀ, ವಿಮೆಯ ಹಣ ಈ ಜಾತಿಗೆ ಸೇರುತ್ತವೆ. ಉದಾಹರಣೆಗೆ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ 436 ರೂಪಾಯಿ ಮತ್ತು ಸುರಕ್ಷಾ ವಿಮೆಯ 20 ರೂಪಾಯಿ ಪ್ರತಿ ವರ್ಷ ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತವೆ. ಆ ಹೊತ್ತಿಗೆ ಖಾತೆಯಲ್ಲಿ 456 ರೂಪಾಯಿ ಇಲ್ಲದೆ ಹೋದರೆ ಎರಡೆರಡು ಲಕ್ಷದ ವಿಮಾ ರಕ್ಷಣೆ ಅಷ್ಟು ಸಣ್ಣ ಮೊತ್ತಕ್ಕಾಗಿ ಕಡಿದುಹೋಗುತ್ತದೆ. ಇನ್ನು ಕೆಲವಕ್ಕೆ ತಾರೀಖು ಗೊತ್ತು, ಮೊತ್ತ ಮಾತ್ರ ಅಂದಾಜು. ಹಬ್ಬ, ಜಾತ್ರೆ, ಆಯೇರಿಗಳು ಹೀಗೆ. ಮೂರನೆಯ ಜಾತಿ ಬಹಳ ತೊಂದರೆ ಕೊಡುವಂಥದ್ದು: ಮೋಟಾರು ಸುಡುವುದು, ಎಮ್ಮೆ ಜಡ್ಡು ಬೀಳುವುದು, ಮನೆಯಲ್ಲಿ ಯಾರಿಗಾದರೂ ದವಾಖಾನೆ ಆಗುವುದು. ಇವು ಯಾವ ದಿನ ಬರುತ್ತವೆಂಬುದು ತಿಳಿಯದೆ ಇದ್ದರೂ ವರ್ಷದಲ್ಲಿ ಒಮ್ಮೆಯಾದರೂ ಬಂದೇ ಬರುತ್ತವೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಹೀಗಿರುವಾಗ ಇವನ್ನು ಅನಿರೀಕ್ಷಿತ ಎಂದು ಕರೆದು ಪಟ್ಟಿಯಿಂದ ಹೊರಗೆ ಬಿಡುವುದು ಸರಿಯಲ್ಲ. ಕಳೆದ ಮೂರು ವರ್ಷಗಳಲ್ಲಿ ಮೋಟಾರಿಗೆ ಆದ ಒಟ್ಟು ಖರ್ಚನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಅದಕ್ಕೂ ಒಂದು ವಾರ್ಷಿಕ ಮೊತ್ತ ದೊರೆಯುತ್ತದೆ.

ಮದುವೆ, ಮನೆ ಕಟ್ಟುವುದು, ಉನ್ನತ ಓದು, ಇವು ವರ್ಷಗಳಾಚೆಯ ಖರ್ಚುಗಳು. ಇವನ್ನು ಕ್ಯಾಲೆಂಡರಿನ ಕೊನೆಯ ಹಾಳೆಯ ಹಿಂಬದಿಯಲ್ಲಿ ಬೇರೆಯಾಗಿ ಬರೆಯಬೇಕು. ವರ್ಷದೊಳಗಿನ ಖರ್ಚಿನ ಜೊತೆ ಬೆರೆಸಿದರೆ ದೂರದ ಖರ್ಚು ಪ್ರತಿ ವರ್ಷವೂ "ಮುಂದಿನ ವರ್ಷ ನೋಡೋಣ" ಎಂಬ ಮಾತಿಗೆ ಬಲಿಯಾಗುತ್ತದೆ.

ಕಣದಲ್ಲಿಯೇ ಪಾಲು ಮಾಡುವುದು

ನಮ್ಮ ಹಿರಿಯರು ಜೋಳದ ರಾಶಿಯನ್ನು ಇಡಿಯಾಗಿ ಮನೆಗೆ ತಂದು ಆಮೇಲೆ ಪಾಲು ಮಾಡುತ್ತಿರಲಿಲ್ಲ. ವರ್ಷವಿಡೀ ಊರಿನ ಕೆಲಸ ಮಾಡಿ ಕೂಲಿಯಾಗಿ ಕಾಳು ಪಡೆಯುವ ಬಡಿಗ, ಕಂಬಾರ, ಕುಂಬಾರ ಮೊದಲಾದ ಆಯಗಾರರ ಪಾಲು ಕಣದಲ್ಲಿಯೇ ಅಳೆದು ಹೋಗುತ್ತಿತ್ತು. ಬೀಜದ ಜೋಳವನ್ನು ಬೇರೆ ತೆಗೆದು ಬೂದಿ, ಬೇವಿನ ಎಲೆ ಬೆರೆಸಿ ಇಡುತ್ತಿದ್ದರು. ವರ್ಷದ ಊಟಕ್ಕೆ ಬೇಕಾದದ್ದು ಹಗೇವಿಗೆ (ನೆಲದೊಳಗಿನ ಕಣಜಕ್ಕೆ) ಇಳಿಯುತ್ತಿತ್ತು. ಇವೆಲ್ಲ ಆದ ಮೇಲೆ ಉಳಿದದ್ದು ಮಾತ್ರ ಪೇಟೆಯ ದಾರಿ ಹಿಡಿಯುತ್ತಿತ್ತು. ಎಂಥ ಬರಗಾಲದಲ್ಲಿಯೂ ಬೀಜದ ಜೋಳ ಬೀಸಿ ರೊಟ್ಟಿ ಬಡಿಯಲು ಮನಸ್ಸು ಒಪ್ಪುತ್ತಿರಲಿಲ್ಲ. ಹಣದ ವಿಷಯದಲ್ಲಿ ನಾವು ಈ ಪದ್ಧತಿಯನ್ನು ಬಿಟ್ಟುಬಿಟ್ಟಿದ್ದೇವೆ. ಮೊದಲು ಖರ್ಚು ಮಾಡಿ, ಉಳಿದರೆ ಎತ್ತಿಡುತ್ತೇವೆ, ಮತ್ತು ಉಳಿಯುವುದಿಲ್ಲ. ಬಿಲ್ ಜಮಾ ಆದ ದಿನ, ಹೆಚ್ಚೆಂದರೆ ಮರುದಿನ, ಪೂರ್ತಿ ಮೊತ್ತವನ್ನು ಪಾಲು ಮಾಡಿ ಮುಗಿಸಬೇಕು. ವಾರ ಕಳೆಯಿತೆಂದರೆ ಕೇಳುವವರು ಬರುತ್ತಾರೆ, ಮನೆಯೊಳಗಿನ ಆಸೆಗಳೂ ಏಳುತ್ತವೆ.

ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ತೋರಿಸುತ್ತೇನೆ. ಮೂರು ಎಕರೆ ಕಬ್ಬು, ಎಕರೆಗೆ 40 ಟನ್, ಕಟಾವು ಮತ್ತು ಸಾಗಣೆ ಮುರಿದುಕೊಂಡು ಕೈಗೆ ಬಂದದ್ದು ಟನ್ನಿಗೆ 3,000 ರೂಪಾಯಿ ಎಂದು ಎಣಿಕೆಯ ಅನುಕೂಲಕ್ಕಾಗಿ ಹಿಡಿದರೆ ಒಟ್ಟು 3,60,000 ರೂಪಾಯಿ ಆಗುತ್ತದೆ. ಅದರಲ್ಲಿ ಸೊಸೈಟಿಯ ಸಾಲಕ್ಕೆ 90,000, ಮುಂದಿನ ಬೆಳೆಯ ಗೊಬ್ಬರ ಮತ್ತು ಕೂಲಿಗೆ 60,000, ಮಕ್ಕಳ ಓದಿಗೆ 48,000, ಹಬ್ಬ, ಜಾತ್ರೆ ಮತ್ತು ಆಯೇರಿಗೆ 24,000, ದವಾಖಾನೆಗೆ 18,000, ಮೋಟಾರು ಮತ್ತು ಪೈಪಿನ ರಿಪೇರಿಗೆ 12,000 ತೆಗೆದಿಟ್ಟರೆ ಉಳಿಯುವುದು 1,08,000. ಇದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,000 ರೂಪಾಯಿ. ಈ 9,000 ಆ ಮನೆಯ ಪಗಾರ. ನೌಕರದಾರರಿಗೆ ಒಂದನೇ ತಾರೀಖು ಪಗಾರ ಆಗುವಂತೆ ರೈತನ ಮನೆಗೂ ತನ್ನದೇ ಹಣದಿಂದ ಒಂದನೇ ತಾರೀಖು ಪಗಾರ ಆಗಬೇಕು, ಕಿರಾಣಿ, ಕರೆಂಟು, ಫೋನು, ಪೆಟ್ರೋಲು ಎಲ್ಲ ಅದರಲ್ಲಿ ನಡೆಯಬೇಕು. ಖಾತೆಯಲ್ಲಿ ಮೂರೂವರೆ ಲಕ್ಷ ಇದೆಯೆಂದು ಕಂಡಾಗ ಮನಸ್ಸಿಗೆ ಬರುವ ಧಾರಾಳತನ, ಕೈಯಲ್ಲಿರುವುದು ತಿಂಗಳಿಗೆ 9,000 ಎಂದು ತಿಳಿದಾಗ ಬರುವುದಿಲ್ಲ. ನಮ್ಮ ಮನೆಯ ನಡಾವಳಿಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಈ ಒಂದು ಎಣಿಕೆ.

ಸಾಲವನ್ನು ಮೊದಲ ಸ್ಥಾನದಲ್ಲಿ ಇಟ್ಟದ್ದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ದೊರೆಯುವ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023-24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಆ ಶೂನ್ಯ ಬಡ್ಡಿ ಇರುವುದು ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ಗಡುವು ದಾಟಿದರೆ ಬಡ್ಡಿ ಬೀಳುವುದರ ಜೊತೆಗೆ ಮರುವರ್ಷದ ಸಾಲವೂ ತೊಡಕಿಗೆ ಸಿಲುಕುತ್ತದೆ. ಹೀಗಾಗಿ ಈ ಪಾಲನ್ನು ಯಾವ ಕಾರಣಕ್ಕೂ ಬೇರೆ ಕಡೆ ತಿರುಗಿಸಬಾರದೆಂದು ನನ್ನ ಖಚಿತ ಅಭಿಪ್ರಾಯ.

ಬಿಲ್ ಎರಡು ಕಂತಿನಲ್ಲಿ ಬಂದರೆ ಪ್ರತಿ ಕಂತನ್ನೂ ಎಲ್ಲ ಪಾಲುಗಳಿಗೆ ಸ್ವಲ್ಪ ಸ್ವಲ್ಪ ಹಂಚುವುದು ಸರಿಯಾದ ಕ್ರಮವಲ್ಲ. ಯಾವುದು ಇಲ್ಲದೆ ನಡೆಯುವುದೇ ಇಲ್ಲವೋ ಅದನ್ನು ಮೊದಲ ಕಂತಿನಲ್ಲಿ ತುಂಬಿಸಬೇಕು. ಮೇಲಿನ ಲೆಕ್ಕದಲ್ಲಿ ಮೊದಲ ಕಂತು 2,40,000 ಎಂದಾದರೆ ಅದರಲ್ಲಿ ಸಾಲದ 90,000, ಆರು ತಿಂಗಳ ಪಗಾರದ 54,000, ಓದಿನ 48,000, ದವಾಖಾನೆಯ 18,000 ಮತ್ತು ಬೆಳೆಯ ಅರ್ಧ ಪಾಲು 30,000 ಪೂರ್ತಿಯಾಗುತ್ತವೆ. ಉಳಿದ ಆರು ತಿಂಗಳ ಪಗಾರ, ಬೆಳೆಯ ಇನ್ನರ್ಧ, ಹಬ್ಬ ಮತ್ತು ಮೋಟಾರಿನ ಪಾಲುಗಳು ಎರಡನೆಯ ಕಂತಿನ 1,20,000ಕ್ಕೆ ಕಾಯಬಹುದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಬೆಲೆ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಬೇಕು. ಹಾಗಿದ್ದರೂ ಬಿಲ್ ಇಂಥ ತಾರೀಖಿಗೇ ಬರುತ್ತದೆಂದು ನಂಬಿ ಯಾರಿಗೂ ಮಾತು ಕೊಡಬಾರದು. ಎರಡನೆಯ ಕಂತು ತಡವಾದರೆ ಜಾತ್ರೆಯ ಖರ್ಚು ಕಡಿಮೆಯಾಗಲಿ, ಮಗಳ ಕಾಲೇಜು ನಿಲ್ಲದಿರಲಿ ಎಂಬುದು ಈ ಅನುಕ್ರಮದ ಉದ್ದೇಶ.

ಬೆಳೆ ಕಡಿಮೆ ಬಂದ ವರ್ಷ ಪಾಲುಗಳನ್ನು ಎಲ್ಲ ಒಂದೇ ಪ್ರಮಾಣದಲ್ಲಿ ಇಳಿಸಲು ಹೋಗಬಾರದು. ಸಾಲ, ಓದು, ದವಾಖಾನೆಗಳನ್ನು ಇದ್ದಂತೆಯೇ ಉಳಿಸಿ, ಹಬ್ಬದಲ್ಲಿ ಮತ್ತು ಪಗಾರದಲ್ಲಿ ಇಳಿಸಬೇಕು. ನಾವು ಒಂದು ವರ್ಷ 7,500ರಲ್ಲಿ ತಿಂಗಳು ಕಳೆದಿದ್ದೇವೆ. ಕಷ್ಟವಾಯಿತು, ಆದರೆ ಅಡ ಇಡುವ ಪ್ರಮೇಯ ಬರಲಿಲ್ಲ.

ವಾರದ ಕೂಲಿ, ದಿನದ ವ್ಯಾಪಾರ ಇರುವವರಿಗೆ

ಇಳಕಲ್ಲಿನಲ್ಲಿಯೋ ರಬಕವಿ-ಬನಹಟ್ಟಿಯಲ್ಲಿಯೋ ಮಗ್ಗದ ಮೇಲೆ ಬದುಕುವವರಿಗೆ, ಬೆಳಗಾವಿಯ ಪೇಟೆಯಲ್ಲಿ ಕಾಯಿಪಲ್ಲೆ ಮಾರುವವರಿಗೆ ಲೆಕ್ಕ ತಿರುಗುಮುರುಗಾಗುತ್ತದೆ. ಇವರು ದೊಡ್ಡ ಮೊತ್ತವನ್ನು ಪಾಲು ಮಾಡುವುದರ ಬದಲು ಸಣ್ಣ ಮೊತ್ತಗಳನ್ನು ಕೂಡಿಸಬೇಕು. ಬೇಕಾದ ಮೊತ್ತವನ್ನು ಉಳಿದಿರುವ ವಾರಗಳಿಂದ ಭಾಗಿಸಿದರೆ ವಾರಕ್ಕೆ ಎಷ್ಟೆಂಬುದು ತಿಳಿಯುತ್ತದೆ. ಪಂಚಮಿಗೆ 6,000 ಬೇಕು, ಇನ್ನು 30 ವಾರಗಳಿವೆ ಎಂದಾದರೆ ವಾರಕ್ಕೆ 200. ಈ 200 ಕೂಲಿ ಕೈಗೆ ಬಂದ ದಿನವೇ ಹೊರಗೆ ಹೋಗಬೇಕು.

ಇದಕ್ಕೆ ನಮ್ಮ ಕಡೆ ಎಲ್ಲರಿಗೂ ಪರಿಚಿತವಾದ ದಾರಿ ಪಿಗ್ಮಿ. 1928ರಲ್ಲಿ ಕರಾವಳಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಮನೆಬಾಗಿಲಿಗೆ ಬಂದು ಕೂಡಿಸಿಕೊಳ್ಳುವ ಈ ಪದ್ಧತಿಯನ್ನು ಆರಂಭಿಸಿತು. ಈಗ ನಮ್ಮ ಪಟ್ಟಣಗಳ ಸೊಸೈಟಿಗಳೂ ಸಹಕಾರಿ ಬ್ಯಾಂಕುಗಳೂ ಇದನ್ನೇ ನಡೆಸುತ್ತಿವೆ. ದಿನಕ್ಕೆ 50 ರೂಪಾಯಿ ಕಟ್ಟಿದರೆ ವರ್ಷಕ್ಕೆ 18,250 ಆಗುತ್ತದೆ. ಇದರಲ್ಲಿ ಬಡ್ಡಿ ಕಡಿಮೆ, ಅವಧಿಗೆ ಮೊದಲೇ ಮುರಿದರೆ ಬಹಳ ಕಡೆ ಬಡ್ಡಿ ಬಿಟ್ಟು ಮೇಲೊಂದಿಷ್ಟು ಮುರಿದುಕೊಳ್ಳುತ್ತಾರೆ. ಆದ್ದರಿಂದ ಪಿಗ್ಮಿಯನ್ನು ಬಡ್ಡಿಯ ಆಸೆಗೆ ಕಟ್ಟಬಾರದು, ದಿನವೂ ಬಾಗಿಲಿಗೆ ಬಂದು ನಿಲ್ಲುವ ಏಜೆಂಟರ ಶಿಸ್ತಿಗಾಗಿ ಕಟ್ಟಬೇಕು. ಖಾತೆ ತೆರೆಯುವಾಗಲೇ ಉದ್ದೇಶದ ತಿಂಗಳನ್ನು ಹೇಳಿ ಅದಕ್ಕೆ ಹೊಂದುವ ಅವಧಿಯನ್ನು ಆರಿಸಿಕೊಂಡರೆ ಮುರಿಯುವ ಪ್ರಸಂಗ ಬರುವುದಿಲ್ಲ. ಏಜೆಂಟರು ಎಷ್ಟೇ ಪರಿಚಯದವರಾದರೂ ಕಟ್ಟಿದ ಹಣಕ್ಕೆ ಅಂದೇ ರಸೀದಿ ಪಡೆಯಬೇಕು, ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು ತಾಳೆ ನೋಡಬೇಕು.

ಮುಡಿಪನ್ನು ಎಲ್ಲಿ ಇಡಬೇಕು

ಫೋನಿನ ಪೇಮೆಂಟ್ ಆ್ಯಪ್‌ಗೆ ಜೋಡಿಸಿದ ಖಾತೆಯಲ್ಲಿ ಪಗಾರದ ಹಣ ಮಾತ್ರ ಇರಬೇಕು. ಮುಡಿಪಿನ ಹಣ ಬೇರೆ ಖಾತೆಯಲ್ಲಿರಬೇಕು, ಮತ್ತು ಆ ಖಾತೆಯನ್ನು ಫೋನ್‌ಪೇ, ಗೂಗಲ್ ಪೇ ಯಾವುದಕ್ಕೂ ಜೋಡಿಸಬಾರದು. ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತು ಚೀಟಿ ಬರೆದು ತೆಗೆಯಬೇಕಾದ ಹಣ ಒಂದು ದಿನದ ಆಲೋಚನೆಗೆ ಅವಕಾಶ ಕೊಡುತ್ತದೆ, ಬೆರಳೊತ್ತಿದರೆ ಹೋಗುವ ಹಣ ಕೊಡುವುದಿಲ್ಲ. ಎರಡು ವರ್ಷ ಯಾವ ವ್ಯವಹಾರವೂ ಇಲ್ಲದ ಖಾತೆ ನಿಷ್ಕ್ರಿಯವಾಗುವುದರಿಂದ ಈ ಖಾತೆಗೆ ವರ್ಷಕ್ಕೊಮ್ಮೆಯಾದರೂ ಹಣ ಹಾಕುವುದು, ತೆಗೆಯುವುದು ನಡೆಯುತ್ತಿರಬೇಕು.

ತಾರೀಖು ಗೊತ್ತಿರುವ ದೊಡ್ಡ ಪಾಲುಗಳಿಗೆ ಠೇವಣಿಯೇ ಒಳ್ಳೆಯ ಜಾಗ. ಬ್ಯಾಂಕುಗಳಲ್ಲಿ ಏಳು ದಿನದಿಂದ ಹಿಡಿದು ಬೇಕಾದ ಅವಧಿಗೆ ಠೇವಣಿ ಇಡಬಹುದು. ಜನವರಿಯಲ್ಲಿ ಬಂದ ಓದಿನ 48,000ವನ್ನು ಮೇ ಕೊನೆಯ ವಾರಕ್ಕೆ ಮುಗಿಯುವಂತೆ ಇಟ್ಟರೆ ಫೀ ಕಟ್ಟುವ ಹೊತ್ತಿಗೆ ಅದು ತಾನಾಗಿ ಖಾತೆಗೆ ಬಂದು ಕೂತಿರುತ್ತದೆ. ಎಲ್ಲ ಪಾಲುಗಳನ್ನು ಸೇರಿಸಿ ಒಂದೇ ದೊಡ್ಡ ಠೇವಣಿ ಇಟ್ಟರೆ ಸಣ್ಣ ಅಗತ್ಯಕ್ಕೂ ಪೂರ್ತಿಯನ್ನು ಮುರಿಯಬೇಕಾಗುತ್ತದೆ. ಆದ್ದರಿಂದ ಉದ್ದೇಶಕ್ಕೊಂದು ರಸೀದಿ ಇರಬೇಕು. ನಾವು ಪ್ರತಿ ರಸೀದಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಉದ್ದೇಶ ಬರೆದಿಡುತ್ತೇವೆ, ನಾಮಿನಿಯ ಹೆಸರು ಇದೆಯೇ ಎಂದು ಅಲ್ಲಿಯೇ ನೋಡಿಕೊಳ್ಳುತ್ತೇವೆ. ದವಾಖಾನೆ ಮತ್ತು ಮೋಟಾರಿನ ಪಾಲುಗಳನ್ನು ಮಾತ್ರ ಠೇವಣಿಗೆ ಹಾಕದೆ ಮುಡಿಪಿನ ಉಳಿತಾಯ ಖಾತೆಯಲ್ಲಿಯೇ ಇಡಬೇಕು. ರಾತ್ರಿ ಹನ್ನೊಂದಕ್ಕೆ ಆ್ಯಂಬುಲೆನ್ಸ್ ಕರೆಯಬೇಕಾದಾಗ ಠೇವಣಿ ಮುರಿಯಲು ಕೂರಲಾಗುವುದಿಲ್ಲ. ಆ ಖಾತೆಯ ಎಟಿಎಂ ಕಾರ್ಡು ಟ್ರಂಕಿನಲ್ಲಿರಲಿ, ಪಾಕೀಟಿನಲ್ಲಿ ಬೇಡ.

ದೂರದ ಉದ್ದೇಶಗಳಿಗೆ ಅಂಚೆ ಕಚೇರಿ ನಂಬಿಕೆಗೆ ಅರ್ಹವಾದ ಸ್ಥಳ. ಅಲ್ಲಿನ ಐದು ವರ್ಷದ ಆರ್‌ಡಿಯನ್ನು, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಯನ್ನು, ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದು. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಶೇಕಡಾ 6.7ರ ಬಡ್ಡಿದರದಲ್ಲಿ ತಿಂಗಳಿಗೆ 1,000 ಕಟ್ಟಿದರೆ ಐದು ವರ್ಷಕ್ಕೆ ಕಟ್ಟಿದ 60,000ವು ಸುಮಾರು 71,360 ಆಗುತ್ತದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ಈ ದರಗಳನ್ನು ಪರಿಶೀಲಿಸುವುದರಿಂದ ಖಾತೆ ತೆರೆಯುವ ದಿನದ ದರವನ್ನು ಕೇಳಿಕೊಳ್ಳಬೇಕು. ಹಾಲಿನ ಡೇರಿಯಿಂದ ಬರುವ ಬಿಲ್ಲನ್ನೋ, 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000ದಲ್ಲಿ ಒಂದು ಭಾಗವನ್ನೋ ಇದಕ್ಕೆ ಗೊತ್ತುಮಾಡಿದರೆ ಕಬ್ಬಿನ ಬಿಲ್ಲಿಗೆ ಕೈ ಹಾಕುವ ಅಗತ್ಯ ಬೀಳುವುದಿಲ್ಲ. ಹತ್ತು ವರ್ಷದೊಳಗಿನ ಹೆಣ್ಣುಮಗು ಇರುವ ಮನೆಯವರು ಸುಕನ್ಯಾ ಸಮೃದ್ಧಿ ಖಾತೆಯನ್ನು ತಪ್ಪದೆ ನೋಡಬೇಕು. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ ರೂಪಾಯಿಯಂತೆ 15 ವರ್ಷ ಕಟ್ಟಬೇಕು; ಮಗಳಿಗೆ 18 ತುಂಬಿದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು, ಖಾತೆ ತೆರೆದು 21 ವರ್ಷಕ್ಕೆ ಪೂರ್ತಿ ಹಣ ಸಿಗುತ್ತದೆ. ನಡುವೆ ಸುಲಭವಾಗಿ ತೆಗೆಯಲಾಗದಿರುವುದನ್ನು ಕೆಲವರು ಇದರ ದೋಷ ಎನ್ನುತ್ತಾರೆ. ಮುಡಿಪಿನ ದೃಷ್ಟಿಯಿಂದ ನೋಡಿದರೆ ಅದೇ ಇದರ ಗುಣ.

ಸಹಕಾರ ನಮ್ಮ ಭಾಗದ ಹೆಮ್ಮೆ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಹಕಾರಿ ಪತ್ತಿನ ಸಂಘ ಹುಟ್ಟಿತು, ಮತ್ತು ಇಂದಿಗೂ ನಮ್ಮ ಅರ್ಧ ವ್ಯವಹಾರ ನಡೆಯುವುದು ಸೊಸೈಟಿಗಳಲ್ಲಿಯೇ. ಆದರೂ ಒಂದು ಭೇದವನ್ನು ಪ್ರತಿ ಮನೆಯವರೂ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬರ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಯಲ್ಲಿ ಈ ಮಿತಿಯನ್ನು 1 ಲಕ್ಷದಿಂದ ಏರಿಸಲಾಯಿತು. ಪತ್ತಿನ ಸಹಕಾರಿ ಸಂಘಗಳಿಗೂ ಪತ್ತಿನ ಸೌಹಾರ್ದಗಳಿಗೂ ಈ ವಿಮೆ ಅನ್ವಯಿಸುವುದಿಲ್ಲ. ಅಲ್ಲಿ ಒಂದೆರಡು ಶೇಕಡಾ ಬಡ್ಡಿ ಹೆಚ್ಚು ಸಿಗಬಹುದು, ಆಡಳಿತ ಮಂಡಳಿಯವರು ನಮ್ಮ ಓಣಿಯವರೇ ಆಗಿರಬಹುದು. ಆದರೂ ಮಗಳ ಮದುವೆಯ ಇಡೀ ಗಂಟನ್ನು ವಿಮೆ ಇಲ್ಲದ ಒಂದೇ ಕಡೆ ಇಡಬಾರದೆಂದು ನಾನು ಕೈಮುಗಿದು ಹೇಳುತ್ತೇನೆ. ಪಿಗ್ಮಿಯಂಥ ಸಣ್ಣ ವ್ಯವಹಾರ ಅಲ್ಲಿರಲಿ, ಕಳೆದುಕೊಂಡರೆ ಮೇಲೇಳಲಾಗದಂಥ ಮೊತ್ತ ಬ್ಯಾಂಕಿನಲ್ಲಿಯೋ ಅಂಚೆಯಲ್ಲಿಯೋ ಇರಲಿ.

ಭಿಶಿಯ ಬಗ್ಗೆಯೂ ಕೇಳುವವರಿದ್ದಾರೆ. ಗುರುತಿನ ಹತ್ತು ಮಂದಿ ತಿಂಗಳು ತಿಂಗಳು ಹಣ ಕೂಡಿಸಿ, ಪಾಳಿಯಂತೆ ಒಬ್ಬೊಬ್ಬರು ಇಡೀ ಮೊತ್ತ ಎತ್ತಿಕೊಳ್ಳುವ ಭಿಶಿಯಲ್ಲಿ ನಮ್ಮ ಪಾಳಿ ಯಾವ ತಿಂಗಳಿಗೆ ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ತಾರೀಖು ಇರುವ ಖರ್ಚಿಗೆ ತಾರೀಖು ಇಲ್ಲದ ಆದಾಯವನ್ನು ನಂಬುವುದು ಸರಿಯಲ್ಲ.

ಮುಡಿಪಿನಿಂದ ಕೈಗಡ

ಎಷ್ಟೇ ಚೆನ್ನಾಗಿ ಪಾಲು ಮಾಡಿದರೂ ಒಂದು ಪಾಲಿನ ಹಣವನ್ನು ಇನ್ನೊಂದಕ್ಕೆ ಮುಟ್ಟುವ ಪ್ರಸಂಗ ಬಂದೇ ಬರುತ್ತದೆ. ಬರುವುದೇ ಇಲ್ಲವೆಂದು ಹಟ ಹಿಡಿದರೆ ಮೊದಲ ಸಲ ಮುರಿದ ದಿನವೇ ಪದ್ಧತಿ ಪೂರ್ತಿ ಬಿದ್ದುಹೋಗುತ್ತದೆ. ಅದರ ಬದಲು ಮುಡಿಪಿನಿಂದ ತೆಗೆದ ಹಣವನ್ನು ಪಕ್ಕದ ಮನೆಯವರಿಂದ ತಂದ ಕೈಗಡದಂತೆಯೇ ಕಾಣಬೇಕು. ನಮ್ಮ ಮನೆಯಲ್ಲಿ ಇದಕ್ಕಾಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ, ಪಾಲಿಗೊಂದಿಷ್ಟು ಪುಟ. ಹಬ್ಬದ ಪಾಲಿನಿಂದ 3,000 ತೆಗೆದರೆ ಆ ಪುಟದಲ್ಲಿ ಯಾವ ದಿನ, ಯಾತಕ್ಕೆ, ಯಾವ ಹಣದಿಂದ ಯಾವಾಗ ಮರಳಿಸುವುದು ಎಂಬುದನ್ನು ಬರೆದು, ಗಂಡ ಹೆಂಡತಿ ಇಬ್ಬರೂ ಸಹಿ ಮಾಡುತ್ತೇವೆ. ಒಬ್ಬರ ಸಹಿಯಿಂದ ಹಣ ಏಳುವುದಿಲ್ಲ. ಮರಳಿಸಿದ ಹಣ ಸಾಮಾನ್ಯವಾಗಿ ತಿಂಗಳ ಪಗಾರದಿಂದ ಬರಬೇಕು. ಇನ್ನೊಂದು ಮುಡಿಪಿನಿಂದ ತೆಗೆದು ಈ ಮುಡಿಪು ತುಂಬಿದರೆ ಗುಂಡಿಯ ಜಾಗ ಬದಲಾಗುತ್ತದೆ, ಗುಂಡಿ ಹಾಗೆಯೇ ಇರುತ್ತದೆ. ಓದಿನ ಮತ್ತು ಸಾಲದ ಪಾಲುಗಳಿಂದ ಕೈಗಡ ಇಲ್ಲವೆಂದು ಮೊದಲ ಪುಟದಲ್ಲಿಯೇ ಬರೆದಿದ್ದೇವೆ.

ಸಂಬಂಧಿಕರು ಹಣ ಕೇಳಲು ಬಂದಾಗಲೂ ಈ ಹೆಸರುಗಳು ನೆರವಾಗುತ್ತವೆ. "ರೊಕ್ಕ ಇಲ್ಲ" ಎಂದರೆ ಅವರು ನಂಬುವುದಿಲ್ಲ, ಕಬ್ಬು ಹೋದದ್ದನ್ನು ಕಂಡಿರುತ್ತಾರೆ. ನಮಗೂ ಸುಳ್ಳು ಹೇಳಿದ ಸಂಕಟ ಉಳಿಯುತ್ತದೆ. "ಮಾವಾ, ಇರೂದೆಲ್ಲಾ ಮಕ್ಕಳ ಫೀದ್ದು ಐತ್ರಿ, ಮೇ ತನಕ ಠೇವಣಿ ಇಟ್ಟೀವಿ" ಎಂದರೆ ಅದು ನಿಜವಾದ ಮಾತು, ಮತ್ತು ಮಕ್ಕಳ ಫೀಯನ್ನು ಕೊಡು ಎನ್ನುವವರು ನಮ್ಮಲ್ಲಿ ಕಡಿಮೆ. ಕೊಡಲೇಬೇಕಾದ ಆಪ್ತರಿಗಾಗಿ ವರ್ಷಕ್ಕೆ ಇಷ್ಟೆಂದು ಒಂದು ಪಾಲನ್ನು ತೆಗೆದಿಡುವ ಮನೆಗಳೂ ಇವೆ. ಆ ಪಾಲು ಇದ್ದಷ್ಟು ದಿನ ಕೊಡುತ್ತಾರೆ, ಮುಗಿದ ಮೇಲೆ ಮುಗಿಯಿತೆಂದು ಹೇಳುತ್ತಾರೆ. ಇದು ನನಗೆ ಬಹಳ ಒಪ್ಪಿಗೆಯಾದ ಕ್ರಮ.

ವರ್ಷದ ನಡುವೆ ಆರಂಭಿಸುವವರಿಗೂ ಯುಗಾದಿಯ ಪರಿಶೀಲನೆಗೂ

ಇದನ್ನು ಓದುವ ಹೊತ್ತಿಗೆ ಬಿಲ್ಲಿನ ಹಣ ಮುಗಿದಿದ್ದರೆ ಮುಂದಿನ ಹಂಗಾಮಿನವರೆಗೆ ಕಾಯಬೇಕಾಗಿಲ್ಲ. ಕ್ಯಾಲೆಂಡರಿನಲ್ಲಿ ಖರ್ಚು ಬರೆಯುವ ಕೆಲಸಕ್ಕೆ ಹಣ ಬೇಡ, ಅದನ್ನು ಈ ವಾರವೇ ಮುಗಿಸಬಹುದು. ಆಮೇಲೆ ಒಂದೇ ಒಂದು ಉದ್ದೇಶವನ್ನು, ಹತ್ತಿರದ್ದನ್ನು ಮತ್ತು ಸಣ್ಣದನ್ನು, ಆರಿಸಿಕೊಂಡು ಹಾಲಿನ ಬಿಲ್ಲಿನಿಂದಲೋ ಕೂಲಿಯಿಂದಲೋ ಅದಕ್ಕೆ ಮಾತ್ರ ಎತ್ತಿಡಬೇಕು. ಆರು ಪಾಲುಗಳನ್ನು ಒಮ್ಮೆಲೇ ಆರಂಭಿಸಿದರೆ ಪ್ರತಿಯೊಂದರಲ್ಲಿಯೂ ಇನ್ನೂರು ಮುನ್ನೂರು ರೂಪಾಯಿ ಕೂತು ಯಾವುದೂ ಕೆಲಸಕ್ಕೆ ಬಾರದೆ ಮನಸ್ಸು ಸೋಲುತ್ತದೆ. ಒಂದು ಪಂಚಮಿಯನ್ನು ಕೈಗಡವಿಲ್ಲದೆ ದಾಟಿದ ಮನೆ ಎರಡನೆಯ ಪಾಲನ್ನು ತಾನಾಗಿ ಆರಂಭಿಸುತ್ತದೆ.

ವರ್ಷದ ಪರಿಶೀಲನೆಗೆ ಯುಗಾದಿ ಒಳ್ಳೆಯ ದಿನ. ಆ ಹೊತ್ತಿಗೆ ಬಿಲ್ ಬಹುಮಟ್ಟಿಗೆ ಬಂದಿರುತ್ತದೆ, ಜೂನ್‌ನ ಖರ್ಚಿಗೆ ಇನ್ನೂ ಎರಡು ತಿಂಗಳಿರುತ್ತವೆ. ಮಧ್ಯಾಹ್ನ ಹೋಳಿಗೆಯ ಊಟವಾದ ಮೇಲೆ ನಮ್ಮ ಮನೆಯಲ್ಲಿ ನೋಟ್‌ಬುಕ್ ಹೊರಗೆ ಬರುತ್ತದೆ. ಪ್ರತಿ ಪಾಲಿನಲ್ಲಿ ಹಾಕಿದ್ದೆಷ್ಟು, ಹೋದದ್ದೆಷ್ಟು ಎಂದು ಓದಿ, ಮುಂದಿನ ವರ್ಷದ ಮೊತ್ತವನ್ನು ತಿದ್ದುತ್ತೇವೆ. ಮೋಟಾರು ಕೆಡದೆ ಆ ಪಾಲು ಉಳಿದಿದ್ದರೆ ಅದನ್ನು ಖರ್ಚಿಗೆ ಎತ್ತುವುದಿಲ್ಲ, ಅದೇ ಪುಟದಲ್ಲಿ ಮುಂದುವರಿಸುತ್ತೇವೆ. ಎರಡು ವರ್ಷ ಸುಮ್ಮನಿದ್ದ ಮೋಟಾರು ಮೂರನೆಯ ವರ್ಷ ಒಟ್ಟಿಗೆ ಲೆಕ್ಕ ತೀರಿಸಿಕೊಳ್ಳುತ್ತದೆ. ಹಬ್ಬದ ಪಾಲಿನಲ್ಲಿ ಉಳಿದದ್ದನ್ನು ಮಾತ್ರ ಮನೆಯವರೆಲ್ಲ ಕೂಡಿ ಯಾವುದಕ್ಕೆಂದು ತೀರ್ಮಾನಿಸುತ್ತೇವೆ.

ಕಳೆದ ಯುಗಾದಿಗೆ ಆ ಪಾಲಿನಲ್ಲಿ 2,350 ರೂಪಾಯಿ ಉಳಿದಿತ್ತು. ಅಂದು ಪಿಯುಸಿಗೆ ಸೇರಲು ಹೊರಟು ಪಾಸ್‌ಬುಕ್ ಹಿಡಿದು ನಿಂತಿದ್ದ ಮಗಳು ಈಗ ನೋಟ್‌ಬುಕ್ ಬರೆಯುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಾಳೆ. ಅವಳು ಕೊನೆಯಲ್ಲಿ ಒಂದು ಹೊಸ ಪುಟ ತೆರೆದು, "ಅವ್ವನ ಬೋರಮಾಳಕ್ಕೆ ಹೊಸ ಗುಂಡು" ಎಂದು ಬರೆದು, 2,350 ಅನ್ನು ಅಲ್ಲಿಗೆ ಜಮಾ ಮಾಡಿದಳು.